ಆಪರೇಷನ್‌ಗೆ ಮುಂಚೆ ಹಿಮೋಗ್ಲೋಬಿನ್ ಕಡಿಮೆ ಬಂತೇ? ಲೂಸಿ ವಿಲ್ಸ್ ಕಥೆ ಓದಿ

ಹೊಟ್ಟೆಯ ಕೊಬ್ಬು ತೆಗೆಸುವುದು, ಮೂಗು ತಿದ್ದಿಸುವುದು, ಕೂದಲು ನಾಟಿ ಮಾಡಿಸುವುದು ಈಗ ಸಿನಿಮಾದವರಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಇಂಥ ಕ್ಲಿನಿಕ್‌ಗಳ ಜಾಹೀರಾತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರ ಮೊಬೈಲ್‌ಗೂ ದಿನಾ ಬಂದು ಬೀಳುತ್ತವೆ. ಆಸೆಪಟ್ಟು ಹೋದವರಿಗೆ ಮೊದಲು ಮಾಡಿಸುವುದು ರಕ್ತ ಪರೀಕ್ಷೆ. ಆ ವರದಿಯಲ್ಲಿ ಹಿಮೋಗ್ಲೋಬಿನ್ 9 ಎಂದು ಬಂದರೆ?

ಆಗ ಸುತ್ತಲಿನವರಿಂದ ಸಾಮಾನ್ಯವಾಗಿ ಮೂರು ಸಲಹೆ ಬರುತ್ತವೆ. ಒಂದು, ವಾರ ದಿನ ಬೆಲ್ಲ, ಬೀಟ್‌ರೂಟ್ ತಿಂದರೆ ಸರಿಹೋಗುತ್ತದೆ. ಎರಡು, ಒಂದು ಬಾಟಲಿ ರಕ್ತ ಹಾಕಿಸಿಕೊಂಡರೆ ಮುಗಿಯಿತು. ಮೂರು, ಇದನ್ನೆಲ್ಲ ಕೇಳದ ಬೇರೆ ಕ್ಲಿನಿಕ್‌ಗೆ ಹೋದರಾಯಿತು. ಮೂರರಲ್ಲೂ ಒಂದೇ ತಪ್ಪಿದೆ. ರಕ್ತ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಬಿಡದೆ ಕೇಳಿದ ಒಬ್ಬ ವೈದ್ಯೆ ಇದ್ದರು. ಹೆಸರು ಲೂಸಿ ವಿಲ್ಸ್. 2019ರ ಮೇ 10ರಂದು ಗೂಗಲ್ ತನ್ನ ಮುಖಪುಟದಲ್ಲಿ ಇವರ ಚಿತ್ರ ಹಾಕಿ ಗೌರವಿಸಿತ್ತು. ಇವರು ಕಾಸ್ಮೆಟಿಕ್ ಸರ್ಜರಿ ಮಾಡಿದವರಲ್ಲ. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದವರು. ಆದರೆ ಇಂದು ನಿಮ್ಮ ವರದಿಯಲ್ಲಿರುವ ಅಂಕಿಗಳನ್ನು ಹೇಗೆ ಓದಬೇಕು ಎಂಬುದು ಅವರ ಬದುಕಿನ ಕಥೆಯಿಂದ ಚೆನ್ನಾಗಿ ತಿಳಿಯುತ್ತದೆ.

ಗಿಡಗಳ ಓದಿನಿಂದ ರಕ್ತದ ಓದಿಗೆ

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್ ಎಂಬ ಊರಲ್ಲಿ. ಮನೆಯಲ್ಲಿ ವಿಜ್ಞಾನದ ವಾತಾವರಣವಿತ್ತು, ತಂದೆ ವಿಜ್ಞಾನ ಪದವೀಧರರು. ಹೆಣ್ಣುಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುತ್ತಿದ್ದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿ, ಮುಂದೆ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಅಭ್ಯಾಸ ಮಾಡಿದರು. 1911ರಲ್ಲಿ ಪರೀಕ್ಷೆ ಮುಗಿಸಿದರೂ ಪದವಿ ಸಿಗಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಶುರು ಮಾಡಿದ್ದೇ 1948ರಲ್ಲಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರು ದಕ್ಷಿಣ ಆಫ್ರಿಕಾದಲ್ಲಿದ್ದರು. ಕೇಪ್‌ಟೌನ್‌ನಲ್ಲಿ ಸ್ವಯಂಸೇವಕಿಯಾಗಿ ರೋಗಿಗಳ ಶುಶ್ರೂಷೆ ಮಾಡಿದರು. ಮರುವರ್ಷ ಲಂಡನ್‌ಗೆ ಬಂದು ಮಹಿಳೆಯರ ವೈದ್ಯಕೀಯ ಕಾಲೇಜಿಗೆ ಸೇರಿದರು. 1920ರಲ್ಲಿ ವೈದ್ಯೆಯಾದಾಗ ವಯಸ್ಸು 32.

ಅವರು ದವಾಖಾನೆ ತೆರೆಯಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯವನ್ನು ಆರಿಸಿಕೊಂಡರು. ರಕ್ತ, ಮೂತ್ರದ ಮಾದರಿ ನೋಡಿ ರೋಗದ ಮೂಲ ಹುಡುಕುವ ಕೆಲಸ. ಇಂದು ನಮ್ಮ ಊರಿನ ಲ್ಯಾಬ್‌ನಲ್ಲಿ ಕೂತು ವರದಿ ಬರೆಯುವ ಪ್ಯಾಥಾಲಜಿಸ್ಟ್‌ಗಳ ಕೆಲಸದಂಥದ್ದೇ.

1928, ಮುಂಬಯಿ

ಆ ಕಾಲಕ್ಕೆ ಮುಂಬಯಿಯಲ್ಲಿ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಈ ಸಾವುಗಳ ಕಾರಣ ಹುಡುಕಲು ದೊಡ್ಡ ವಿಚಾರಣೆ ಆರಂಭವಾಗಿತ್ತು. ಭಾರತದಲ್ಲಿ ಬಹುಕಾಲ ಕೆಲಸ ಮಾಡಿದ್ದ ವೈದ್ಯೆ ಮಾರ್ಗರೆಟ್ ಬಾಲ್ಫರ್ ಅವರ ಕರೆಯ ಮೇರೆಗೆ 1928ರಲ್ಲಿ ಲೂಸಿ ವಿಲ್ಸ್ ಮುಂಬಯಿಗೆ ಬಂದರು. ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಅವರ ಕೆಲಸದ ಜಾಗವಾಯಿತು.

ಈ ಕಾಯಿಲೆ ಬಡ ಹೆಂಗಸರಲ್ಲಿ, ಅದರಲ್ಲೂ ಬಟ್ಟೆ ಗಿರಣಿಗಳಲ್ಲಿ ದುಡಿಯುವವರಲ್ಲಿ ಹೆಚ್ಚಾಗಿತ್ತು. ಮುಂಬಯಿ ಆಗ ನಮ್ಮ ಭಾಗದವರಿಗೆ ಪರಕೀಯ ಊರಾಗಿರಲಿಲ್ಲ. ಜಮಖಂಡಿ, ಮುಧೋಳ ಆಗ ಸಂಸ್ಥಾನಗಳು. 1948ರಲ್ಲಿ ಅವು ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂರುವ, ಕಂಡಿಕೆ ಸುತ್ತುವ ತಾಯಂದಿರ ದಣಿವನ್ನು ಬಲ್ಲವರಿಗೆ ಆ ಗಿರಣಿ ಹೆಂಗಸರ ಪಾಡು ಊಹಿಸುವುದು ಕಷ್ಟವಲ್ಲ.

ಲೂಸಿ ವಿಲ್ಸ್ ಆ ಹೆಂಗಸರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಬ್ಬಿಣಾಂಶದ ಕೊರತೆ ಇದ್ದರೆ ಕೆಂಪು ರಕ್ತಕಣಗಳು ಸಣ್ಣದಾಗಿ, ಬಿಳಚಿಕೊಂಡು ಕಾಣುತ್ತವೆ. ಇಲ್ಲಿ ಕಂಡದ್ದು ಬೇರೆ. ಕಣಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದೂ ಸಾಮಾನ್ಯಕ್ಕಿಂತ ದೊಡ್ಡದು.

ದೊಡ್ಡ ಕಣಗಳ ಇನ್ನೊಂದು ಮಾರಕ ರಕ್ತಹೀನತೆ ವೈದ್ಯರಿಗೆ ಆಗಲೇ ಗೊತ್ತಿತ್ತು. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಅದು ಗುಣವಾಗುತ್ತದೆ ಎಂದು 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ತೋರಿಸಿದ್ದರು. ಈ ಕೆಲಸಕ್ಕೆ 1934ರಲ್ಲಿ ನೊಬೆಲ್ ಬಂತು. ಹಾಗಾದರೆ ಮುಂಬಯಿಯ ಹೆಂಗಸರದ್ದೂ ಅದೇ ಕಾಯಿಲೆಯೇ? ನೋಡಲು ಹಾಗೇ ಇತ್ತು. ಆದರೆ ಶುದ್ಧೀಕರಿಸಿದ ಯಕೃತ್ ಸಾರ ಆ ಕಾಯಿಲೆಗೆ ನಾಟುತ್ತಿತ್ತು, ಈ ಹೆಂಗಸರಿಗೆ ನಾಟಲಿಲ್ಲ. ಅಷ್ಟಾಗಿ ಶುದ್ಧೀಕರಿಸದ ಸಾರ ಕೊಟ್ಟರೆ ಮಾತ್ರ ಚೇತರಿಸಿಕೊಂಡರು.

ಇದರ ಅರ್ಥ ಇಷ್ಟೇ. ಎರಡೂ ಕಡೆ ಹಿಮೋಗ್ಲೋಬಿನ್ ಕಡಿಮೆ, ಎರಡೂ ಕಡೆ ಕಣ ದೊಡ್ಡದು, ಆದರೂ ಕಾಯಿಲೆ ಎರಡು ಬಗೆಯದು. ಶುದ್ಧ ಮಾಡುವಾಗ ಕಳೆದುಹೋಗುತ್ತಿದ್ದ ಯಾವುದೋ ಒಂದು ವಸ್ತು ಈ ಹೆಂಗಸರಿಗೆ ಬೇಕಾಗಿತ್ತು. ಅವರ ಊಟವನ್ನು ವಿಚಾರಿಸಿದಾಗ, ಯಾರ ಊಟ ತೀರ ಕಳಪೆಯೋ ಅವರಲ್ಲೇ ಕಾಯಿಲೆ ಹೆಚ್ಚು ಎಂಬುದು ಕಂಡುಬಂತು.

ಇಲಿ, ಹೇನು, ಮಂಗ ಮತ್ತು ಮಾರ್ಮೈಟ್

1929ರಲ್ಲಿ ಅವರು ಕೆಲವು ತಿಂಗಳು ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆಹಾರ ಸಂಶೋಧನೆಗೆ ಹೆಸರಾದ ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿದ್ದರು. ಮುಂಬಯಿಯ ಬಡವರು ಉಣ್ಣುತ್ತಿದ್ದಂಥ ಊಟವನ್ನೇ ಇಲಿಗಳಿಗೆ ಕೊಟ್ಟಾಗ ಅವಕ್ಕೂ ರಕ್ತಹೀನತೆ ಬಂತು. ಯೀಸ್ಟ್ ಸೇರಿಸಿದರೆ ಬರಲಿಲ್ಲ.

ಇಷ್ಟಕ್ಕೇ ಗೆದ್ದೆವು ಎನ್ನಬಹುದಿತ್ತು. ಆದರೆ ಇಲಿಗಳಿಗೆ ಹೇನು ಹತ್ತಿ ಸೋಂಕು ತಗುಲಿದ್ದು ತಿಳಿದುಬಂತು. ರಕ್ತಹೀನತೆ ಊಟದಿಂದ ಬಂತೋ ಸೋಂಕಿನಿಂದ ಬಂತೋ ಎಂಬ ಅನುಮಾನ ಎದ್ದಿತು. ಹಾಗಾಗಿ ಮಂಗಗಳ ಮೇಲೆ ಹೊಸದಾಗಿ ಪ್ರಯೋಗ ನಡೆಯಿತು. ಅಲ್ಲಿ ಕೆಲಸಕ್ಕೆ ಬಂದದ್ದು ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ, ಬ್ರೆಡ್ಡಿಗೆ ಸವರಿ ತಿನ್ನುವ, ಅಗ್ಗದ ಕಪ್ಪು ಲೇಹ್ಯದಂಥ ಪದಾರ್ಥ ಅದು. ಕಾಯಿಲೆ ಬಿದ್ದಿದ್ದ ಮಂಗ ಅದನ್ನು ತಿಂದು ಚೇತರಿಸಿಕೊಂಡಿತು.

ಮುಂದೆ ಅದನ್ನು ಗರ್ಭಿಣಿಯರಿಗೆ ಕೊಟ್ಟು ನೋಡಿದರು. ಅವರೂ ಗುಣವಾದರು. ಈ ಫಲಿತಾಂಶವನ್ನು 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದೇ ವರ್ಷ ಮದ್ರಾಸಿನ ಕಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಇಂದು ಅದು ಚೆನ್ನೈನ ಕಸ್ತೂರಬಾ ಗಾಂಧಿ ಆಸ್ಪತ್ರೆ. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ ವಿಲ್ಸ್ ಅಂಶ ಎಂಬ ಹೆಸರೇ ಬಿತ್ತು.

ಅಜ್ಞಾತ ವಸ್ತುವಿಗೆ ಹೆಸರು ಬಂದದ್ದು

1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎನ್ನುತ್ತಾರೆ, ಅದರಿಂದ ಫೋಲಿಕ್ ಆಸಿಡ್ ಎಂಬ ಹೆಸರು ಬಂತು. ವಿಲ್ಸ್ ಹುಡುಕುತ್ತಿದ್ದುದು ಇದೇ ಗುಂಪಿನ ಜೀವಸತ್ವ. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಇದನ್ನು ಕೃತಕವಾಗಿ ತಯಾರಿಸಿದರು. ಆ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇನ್ನೊಂದು ಕಾಯಿಲೆಗೆ ಬೇಕಿದ್ದ, ಯಕೃತ್ತಿನಲ್ಲಿದ್ದ ವಸ್ತು ಬಿ12 ಎಂಬುದು 1948ರಲ್ಲಿ ತಿಳಿಯಿತು.

ಇಂದು ನಮ್ಮ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ತಲುಪಿಸುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಕೂಡ ಇರುತ್ತದೆ. ಆ ಮಾತ್ರೆಯ ಹಿಂದೆ ಮುಂಬಯಿಯ ಗಿರಣಿ ಹೆಂಗಸರ ರಕ್ತದ ಹನಿಗಳಿವೆ.

ವಿಲ್ಸ್ ಲಂಡನ್‌ಗೆ ಮರಳಿದ ಮೇಲೂ ಈ ಕಾಯಿಲೆಯನ್ನು ಬಿಡಲಿಲ್ಲ. 1937ರ ಕೊನೆಗೆ ಮತ್ತೆ ಕೆಲವು ವಾರ ಮುಂಬಯಿಗೆ ಬಂದು ಹೋದರು. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗ ನಡೆಸಿದರು. 1944ರ ಜುಲೈಯಲ್ಲಿ ಜರ್ಮನಿಯ ಹಾರುಬಾಂಬ್ ಆಸ್ಪತ್ರೆಗೇ ಬಿದ್ದು ಜನ ಸತ್ತರು. ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಶುರುವಾಯಿತು. 1947ರಲ್ಲಿ ನಿವೃತ್ತರಾದ ಮೇಲೆ ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾಗಳಿಗೆ ಹೋಗಿ ಜನರ ಆಹಾರ ಮತ್ತು ರಕ್ತಹೀನತೆಯ ಅಧ್ಯಯನ ಮಾಡಿದರು. ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದಿಂದ ನಗರಸಭೆ ಸದಸ್ಯೆಯೂ ಆದರು. ಮದುವೆಯಾಗಲಿಲ್ಲ. 1964ರ ಏಪ್ರಿಲ್ 16ರಂದು ತೀರಿಕೊಂಡಾಗ ಅವರಿಗೆ 75 ವರ್ಷ.

ಈಗ ನಿಮ್ಮ ವರದಿ ತೆಗೆಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಲ್ಲಿ 13 ಗ್ರಾಂಗಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಹಾಗಾಗಿ ಕಾಸ್ಮೆಟಿಕ್ ಸರ್ಜರಿಗೆ ಹೋದ ಹೆಣ್ಣುಮಗಳ ವರದಿಯಲ್ಲಿ ಇದು ಕಾಣುವುದು ಅಪರೂಪವೇನಲ್ಲ.

ಅದೇ ವರದಿಯಲ್ಲಿ ಎಂಸಿವಿ ಎಂಬ ಸಾಲು ಹುಡುಕಿ. ಲೂಸಿ ವಿಲ್ಸ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಣದ ಗಾತ್ರವನ್ನು ಇಂದು ಯಂತ್ರ ಅಳೆದು ಆ ಸಾಲಿನಲ್ಲಿ ಬರೆಯುತ್ತದೆ. ಸಾಮಾನ್ಯವಾಗಿ 80ರಿಂದ 100ರ ಒಳಗಿರಬೇಕು.

80ಕ್ಕಿಂತ ಕಡಿಮೆ ಇದ್ದರೆ: ಹೆಚ್ಚಾಗಿ ಕಬ್ಬಿಣಾಂಶದ ಕೊರತೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದು, ಮೂಲವ್ಯಾಧಿ, ಕೊಕ್ಕೆಹುಳು, ಹೊಟ್ಟೆಯ ಹುಣ್ಣು ಇದರ ಹಿಂದೆ ಇರಬಹುದು. ಕೆಲವರಿಗೆ ಹುಟ್ಟಿನಿಂದ ಬಂದ ಥಲಸ್ಸೀಮಿಯಾ ಗುಣವಿರುತ್ತದೆ. ಅಂಥವರಲ್ಲಿ ಕಬ್ಬಿಣಾಂಶ ಸಾಕಷ್ಟಿದ್ದರೆ ಅದರ ಮಾತ್ರೆ ನುಂಗಿ ಪ್ರಯೋಜನವಿಲ್ಲ.

100ಕ್ಕಿಂತ ಹೆಚ್ಚಿದ್ದರೆ: ಫೋಲಿಕ್ ಆಸಿಡ್ ಅಥವಾ ಬಿ12 ಕೊರತೆ, ಮದ್ಯಪಾನ, ಥೈರಾಯ್ಡ್ ತೊಂದರೆ, ಕೆಲವು ಔಷಧಗಳು.

ಗಾತ್ರ ಸರಿಯಾಗಿದ್ದೂ ಹಿಮೋಗ್ಲೋಬಿನ್ ಕಡಿಮೆ ಇದ್ದರೆ: ಕಿಡ್ನಿ ಕಾಯಿಲೆ ಅಥವಾ ಬಹುದಿನದ ಯಾವುದೋ ಕಾಯಿಲೆ ಇರಬಹುದು. ಕಬ್ಬಿಣಾಂಶ ಮತ್ತು ಬಿ12 ಎರಡರ ಕೊರತೆಯೂ ಒಟ್ಟಿಗೆ ಇದ್ದಾಗ ಸಣ್ಣ, ದೊಡ್ಡ ಕಣ ಬೆರೆತು ಸರಾಸರಿ ಸರಿಯಾಗಿಯೇ ಕಾಣಬಹುದು.

ಇವು ದಾರಿ ತೋರುವ ಗುರುತುಗಳು ಮಾತ್ರ. ಫೆರಿಟಿನ್, ಬಿ12 ಮುಂತಾದ ಮುಂದಿನ ಪರೀಕ್ಷೆ ಯಾವುದು ಬೇಕು ಎಂದು ವೈದ್ಯರು ಹೇಳುತ್ತಾರೆ.

ಆಪರೇಷನ್‌ಗೂ ಇದಕ್ಕೂ ಏನು ಸಂಬಂಧ?

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಆಪರೇಷನ್‌ನಲ್ಲಿ ಸ್ವಲ್ಪವಾದರೂ ರಕ್ತ ಹೋಗುತ್ತದೆ. ಮೊದಲೇ ಕಡಿಮೆ ಇದ್ದವರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ರಕ್ತ ಏರಿಸಬೇಕಾಗುವ ಸಂಭವ, ಸೋಂಕಿನ ಅಪಾಯ ಹೆಚ್ಚುತ್ತದೆ, ಚೇತರಿಕೆ ತಡವಾಗುತ್ತದೆ.

ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿದ್ದರೆ ಹಿಮೋಗ್ಲೋಬಿನ್ 8 ಇದ್ದರೂ ವೈದ್ಯರು ಆಪರೇಷನ್ ಮಾಡಲೇಬೇಕು. ಅಲ್ಲಿ ಕಾಯುವುದೇ ಅಪಾಯ. ಅಂದಕ್ಕಾಗಿ ಮಾಡಿಸುವ ಆಪರೇಷನ್ ಹಾಗಲ್ಲ. ಎರಡು ತಿಂಗಳು ತಡವಾದರೆ ಮೂಗು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ವರದಿ ನೋಡಿ ದಿನಾಂಕ ಮುಂದೂಡುವ ಡಾಕ್ಟರ್ ನಿಮ್ಮ ಆಸೆಗೆ ಅಡ್ಡ ಬರುತ್ತಿಲ್ಲ, ನಿಮ್ಮ ಜೀವ ಕಾಯುತ್ತಿದ್ದಾರೆ.

ನಂಬಿಕೆ ಮತ್ತು ನಿಜ

ನಂಬಿಕೆ: ವಾರದಲ್ಲಿ ಬೆಲ್ಲ, ಬೀಟ್‌ರೂಟ್‌ನಿಂದ ಹಿಮೋಗ್ಲೋಬಿನ್ ಏರುತ್ತದೆ.
ನಿಜ: ಕಬ್ಬಿನ ನಾಡಾದ ನಮ್ಮಲ್ಲಿ ಬೆಲ್ಲಕ್ಕೆ ಬರವಿಲ್ಲ. ಬೆಲ್ಲದಿಂದ ರಕ್ತ ತುಂಬುವುದಾಗಿದ್ದರೆ ಮುಧೋಳ ಭಾಗದಲ್ಲಿ ಯಾರಿಗೂ ರಕ್ತಹೀನತೆ ಇರಬಾರದಿತ್ತು. ಬೆಲ್ಲದಲ್ಲಿ ಕಬ್ಬಿಣಾಂಶ ಅಷ್ಟಿಷ್ಟು ಇದೆ, ಚಿಕಿತ್ಸೆಗೆ ಅದು ಸಾಲದು. ಕೊರತೆ ಇರುವವರಿಗೆ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಲು ಕೆಲವು ವಾರ ಬೇಕು. ಮೈಯಲ್ಲಿ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಬೇಕು. ಕಾಳಿನ ಪಲ್ಯ, ಸೊಪ್ಪು, ಅದರ ಜೊತೆ ಲಿಂಬೆ ಒಳ್ಳೆಯದು. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಸೊಪ್ಪನ್ನು ಬಹಳ ಹೊತ್ತು ಕುದಿಸಿದರೆ ಫೋಲಿಕ್ ಅಂಶ ನಷ್ಟವಾಗುತ್ತದೆ.

ನಂಬಿಕೆ: ಒಂದು ಬಾಟಲಿ ರಕ್ತ ಹಾಕಿಸಿದರೆ ಸಾಕು.
ನಿಜ: ಒಂದು ಯೂನಿಟ್ ರಕ್ತ ಸುಮಾರು 1 ಗ್ರಾಂ ಏರಿಸುತ್ತದೆ. ಕಾರಣ ಹಾಗೇ ಉಳಿಯುತ್ತದೆ. ಅಲರ್ಜಿ, ಜ್ವರ, ಅಪರೂಪಕ್ಕೆ ಗಂಭೀರ ತೊಂದರೆಯೂ ಆಗಬಹುದು. ಕಾಯಬಹುದಾದ ಆಪರೇಷನ್‌ಗಾಗಿ ಈ ಅಪಾಯ ಏಕೆ? ಆ ರಕ್ತ ಹೆರಿಗೆಯಲ್ಲಿ ಒದ್ದಾಡುವ ತಾಯಿಗೆ ಬೇಕಾಗಿರುತ್ತದೆ.

ನಂಬಿಕೆ: ಫೋಲಿಕ್ ಆಸಿಡ್ ಮಾತ್ರೆ ನಿರಪಾಯ, ಯಾರು ಬೇಕಾದರೂ ನುಂಗಬಹುದು.
ನಿಜ: ನಿಮಗಿರುವುದು ಬಿ12 ಕೊರತೆಯಾಗಿದ್ದರೆ ಫೋಲಿಕ್ ಆಸಿಡ್ ಹಿಮೋಗ್ಲೋಬಿನ್ ಅಂಕಿಯನ್ನು ಸರಿಮಾಡಬಹುದು. ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ಶಾಕಾಹಾರಿಗಳಲ್ಲಿ, ಅದರಲ್ಲೂ ಹಾಲು-ಮೊಸರು ಕಡಿಮೆ ತಿನ್ನುವವರಲ್ಲಿ, ಇದರ ಕೊರತೆ ಸಾಮಾನ್ಯ. ಕೈಕಾಲು ಜುಮುಗುಡುವುದು, ಮರಗಟ್ಟುವುದು ಇದ್ದರೆ ವೈದ್ಯರಿಗೆ ಹೇಳಿ. ನೋಡಲು ಒಂದೇ ಥರ ಇರುವ ಎರಡು ರಕ್ತಹೀನತೆ ಬೇರೆ ಬೇರೆ ಎಂದು ಲೂಸಿ ವಿಲ್ಸ್ ಗುರುತಿಸಿದ್ದು ಇಂದಿಗೂ ಇಷ್ಟು ಮುಖ್ಯ.

ನಂಬಿಕೆ: ವರದಿಯಲ್ಲಿ ಯಾವುದಾದರೂ ಅಂಕಿ ದಪ್ಪಕ್ಷರದಲ್ಲಿ ಬಂದರೆ ಕಾಯಿಲೆ ಇದ್ದ ಹಾಗೆ.
ನಿಜ: ಸಾಮಾನ್ಯ ಮಿತಿಯನ್ನು ಆರೋಗ್ಯವಂತರಲ್ಲಿ ಶೇ 95ರಷ್ಟು ಜನ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಆರೋಗ್ಯವಾಗಿರುವ 20 ಜನರಲ್ಲಿ ಒಬ್ಬರ ಅಂಕಿ ತುಸು ಆಚೀಚೆ ಇರುವುದು ಸಹಜ. ವೈದ್ಯರು ಹೇಳಿದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ನಮಗೆ ಬೇಕಾದ ಅಂಕಿ ಬರುವ ತನಕ ಲ್ಯಾಬ್ ಬದಲಿಸುತ್ತಾ ಹೋಗುವುದು ಮಾತ್ರ ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಹಿಮೋಗ್ಲೋಬಿನ್ ಅಲ್ಲದೆ ಇನ್ನೂ ಕೆಲವು

ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ತೀರ ಕಡಿಮೆ ಇದ್ದರೆ ರಕ್ತ ನಿಲ್ಲುವುದು ಕಷ್ಟ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಗಾಯ ಮಾಯುವುದು ತಡ, ಸೋಂಕು ಬೇಗ. ಆಸ್ಪಿರಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಆದರೆ ನೀವಾಗಿಯೇ ನಿಲ್ಲಿಸಲೂ ಬೇಡಿ. ಹೃದ್ರೋಗಿಗಳಿಗೆ ಅದು ಅಪಾಯ.

ಎಚ್‌ಐವಿ ಪರೀಕ್ಷೆಗೆ ನಿಮ್ಮ ತಿಳಿವಳಿಕೆಯ ಒಪ್ಪಿಗೆ ಬೇಕು. ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ.

ಮುಂಗಡ ಕಟ್ಟುವ ಮುಂಚೆ

ಕ್ಲಿನಿಕ್ ಕರ್ನಾಟಕದಲ್ಲಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿದೆಯೇ ಕೇಳಿ. ಆಪರೇಷನ್ ಮಾಡುವ ವೈದ್ಯರು ಯಾರು, ಅವರ ವಿದ್ಯಾರ್ಹತೆ ಏನು, ಅರಿವಳಿಕೆ ಕೊಡುವವರು ಯಾರು, ಪರಿಸ್ಥಿತಿ ಕೈಮೀರಿದರೆ ಐಸಿಯು ಎಲ್ಲಿದೆ ಎಂದು ಕೇಳಿ. ಆಪರೇಷನ್ ಮುಂದೂಡಿದರೆ ಮುಂಗಡ ವಾಪಸ್ ಬರುತ್ತದೆಯೇ ಎಂಬುದನ್ನೂ ಕೇಳಿ. ಎಷ್ಟೋ ಜನ ಕೆಟ್ಟ ವರದಿ ಬಂದರೂ ಮುಂದುವರಿಯುವುದು ಕಟ್ಟಿದ ಹಣ ಹೋಗುತ್ತದೆ ಎಂಬ ಹೆದರಿಕೆಯಿಂದ. ಮುಂಗಡ ಕಟ್ಟುವುದಕ್ಕಿಂತ ಮೊದಲೇ ನಿಮ್ಮ ತಾಲೂಕು ಆಸ್ಪತ್ರೆಯಲ್ಲೋ ಪರಿಚಿತ ವೈದ್ಯರಲ್ಲೋ ಸಂಪೂರ್ಣ ರಕ್ತಕಣ ಪರೀಕ್ಷೆ ಮಾಡಿಸಿ, ವರದಿ ತೋರಿಸಿ.

ರಕ್ತ ಪರೀಕ್ಷೆಯನ್ನೇ ಕೇಳದೆ ನಾಳೆಯೇ ಬನ್ನಿ ಎನ್ನುವ ಕಡೆಗೆ ಹೋಗಬೇಡಿ. ಮಾಡಿಸಬೇಕೆಂದಿದ್ದ ಆಪರೇಷನ್ ಕೊನೆಗೂ ಮಾಡಿಸದೇ ಇದ್ದರೂ, ಆ ವರದಿಯಿಂದ ಗೊತ್ತಾದ ರಕ್ತಹೀನತೆಗೆ ಚಿಕಿತ್ಸೆ ಪಡೆಯುವುದನ್ನು ಮಾತ್ರ ಬಿಡಬೇಡಿ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಇಂಥ ಆಪರೇಷನ್‌ಗೆ ತಯಾರಿ ನಡೆಸಿದ್ದರೆ ಅವರಿಗೆ ಇದನ್ನು ಕಳಿಸಿ.